ತವರಿನಲ್ಲಿ ಬಾಡಿಗೆ ಕೋಣೆ

ನನ್ನ ತಾಯಿಯ ತವರುಮನೆಯಲ್ಲಿ ಒಂದು ರಾತ್ರಿ ತಂಗಲು ನಾನು ಫೋನ್ ಮಾಡಿ ಕೋಣೆ ಕಾದಿರಿಸಬೇಕಾಯಿತು.

ಬೆಳಕವಾಡಿ ದಾಟಿ ಶಿವನಸಮುದ್ರದ ಕಡೆ ಹೋಗುವಾಗ, ಮುಖ್ಯರಸ್ತೆ ಬಿಟ್ಟು ನಾಲೆ ಏರಿಯ ಮೇಲೆ ಸ್ವಲ್ಪ ದೂರ ಹೋದರೆ ಸಿಗುವ ತೊಟ್ಟಿ ಮನೆ ಅದು. ಅಮ್ಮನ ಅಜ್ಜ ಕಟ್ಟಿಸಿದ್ದು. ಸೋದರಮಾವ ಅದನ್ನು ಸುತ್ತಲಿನ ಗದ್ದೆಯ ಸಮೇತ ಮೈಸೂರಿನ ದಂಪತಿಗೆ ಮಾರಿದರು. ಅವರು ಅದನ್ನು ಬಂದವರಿಗೆ ಕೋಣೆಯನ್ನೂ ಬೆಳಗಿನ ತಿಂಡಿಯನ್ನೂ ಕೊಡುವ ಹಳೆಯ ಕಾಲದ ತೋಟದ ಮನೆಯಾಗಿ ಮಾಡಿದರು. ಮಾವ ತೀರಿಕೊಂಡರು. ಅತ್ತೆ ದೂರದ ಊರಿನಲ್ಲಿ ಮಗಳ ಮನೆ ಸೇರಿದರು. ಅಮ್ಮನಿಗೆ ತವರು ಅಂತ ಉಳಿದದ್ದು ಆ ಗೋಡೆಗಳು ಮಾತ್ರ, ಅವೂ ಬೇರೆಯವರವು.

ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದ ಮೇಲೆ ಅಮ್ಮ ಮಗಳಾದ ನನ್ನ ಜೊತೆಗೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಮಂಡ್ಯದ ನಮ್ಮ ಮನೆಯ ಕಿಟಕಿಯ ಪಕ್ಕ ಮಲಗಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು:

"ಒಂದ್ಸಲ ಊರ್ಗೆ ಓಗ್ಬರಣ ಕಣ್ ಮಗ."

"ಊರಲ್ಲಿ ಈಗ ಯಾರಿದ್ದಾರಮ್ಮ?"

"ಯಾರೂ ಇಲ್ದೆ ಇದ್ರೆ ಮನೆ ಎದ್ದೋಗದಾ?"

ಅವಳಿಗೆ ಅಲ್ಲಿಂದ ಏನು ಬೇಕಾಗಿತ್ತು ಎಂಬುದು ನನಗೆ ಗೊತ್ತಿತ್ತು. ನಮ್ಮ ಕಡೆ ಹೆಣ್ಣುಮಗಳು ತವರಿಗೆ ಬಂದು ಗಂಡನ ಮನೆಗೆ ಹೊರಟಾಗ ಬರಿಯ ಕೈಯಲ್ಲಿ ಕಳಿಸುವುದಿಲ್ಲ. ನಡುಮನೆಯಲ್ಲಿ ಮಣೆಯ ಮೇಲೆ ಕೂರಿಸಿ, ಸೆರಗನ್ನು ಮಡಿಲಿಗೆ ಹರಡಿಸಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ಹಾಕುತ್ತಾರೆ. ಅದು ಮಡಿಲಕ್ಕಿ. ಅವಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ತವರಿನ ಮೊರಕ್ಕೆ ವಾಪಸು ಹಾಕಿ ಏಳುತ್ತಾಳೆ, ತವರು ಬರಿದಾಗದಿರಲಿ ಎಂದು. ಅಜ್ಜಿ ಸತ್ತಾಗ ಅಮ್ಮ ಆ ಮನೆಗೆ ಕೊನೆಯ ಬಾರಿ ಹೋಗಿದ್ದಳು. ಸಾವಿನ ಮನೆಯಿಂದ ಮಡಿಲು ತುಂಬಿಸಿಕೊಂಡು ಹೊರಡುವಂತಿಲ್ಲ. "ಹಬ್ಬಕ್ಕೆ ಬಾ, ಆಗ ತುಂಬಿ ಕಳಿಸ್ತೀನಿ" ಎಂದು ಅತ್ತೆ ಹೇಳಿದ್ದರಂತೆ. ಹಬ್ಬ ಬರುವ ಮೊದಲೇ ಮನೆ ಮಾರಿಹೋಯಿತು. ಅಮ್ಮ ಅದನ್ನು ಜಗಳ ಮಾಡಿ ಹೇಳಿದವಳಲ್ಲ. ಯಾರಾದರೂ ತಮ್ಮ ಮಗಳಿಗೆ ಮಡಿಲು ತುಂಬಿದ ಸುದ್ದಿ ಹೇಳಿದಾಗ ಮಾತ್ರ, "ನಾನು ಬರೀ ಮಡ್ಲಲ್ಲಿ ಬಂದೋಳು" ಎಂದು ಒಂದು ಮಾತು ಸೇರಿಸುತ್ತಿದ್ದಳು.

ಕೋಣೆ ಕಾದಿರಿಸುವ ಮೊದಲು ಆ ತೋಟದ ಮನೆಯಲ್ಲಿ ತಂಗಿದ್ದವರು ಬರೆದಿದ್ದ ಅಭಿಪ್ರಾಯಗಳನ್ನೆಲ್ಲ ಓದಿದೆ. ಓದದೆ ಏನನ್ನೂ ಮಾಡುವ ಅಭ್ಯಾಸ ನನಗಿಲ್ಲ. ಊಟ ಚೆನ್ನಾಗಿದೆ, ಸೊಳ್ಳೆ ಇದೆ, ಇಂಥವು. ಅವುಗಳ ನಡುವೆ ಹಲವು ಹೆಂಗಸರು ಒಂದೇ ಸಂಗತಿ ಬರೆದಿದ್ದರು: ಹೊರಡುವಾಗ ಮನೆಯೊಡತಿ ಮಗಳನ್ನು ಕಳಿಸುವಂತೆ ಮಡಿಲು ತುಂಬಿ ಕಳಿಸುತ್ತಾರೆ, ಕಣ್ಣು ತುಂಬಿ ಬಂತು ಎಂದು. ನಾನು ಆ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಅಮ್ಮ ಯಾರನ್ನೂ ಕೇಳದೆ, ಯಾರಿಗೂ ತನ್ನ ಕತೆ ಹೇಳದೆ, ಅವಳಿಗೆ ಬೇಕಾದದ್ದು ತಾನಾಗಿಯೇ ಸಿಗುತ್ತದೆ ಎಂದುಕೊಂಡೆ. ಅಮ್ಮನಿಗೆ ಇದನ್ನು ಹೇಳಲಿಲ್ಲ. ಅಪ್ಪ ಹೋಗಿ ಕೆಲವು ವರ್ಷಗಳಾಗಿದ್ದವು. ಅಮ್ಮನ ಬರಿಯ ಹಣೆ ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ಬೇರೆಯವರಿಗೆ ಮೊದಲು ಕಾಣುವ ಸಂಗತಿ ಎಂಬುದು ಆಗ ಹೊಳೆಯಲಿಲ್ಲ.

ಸುಗ್ಗಿ ಮುಗಿದ ಕಾಲ. ಬಾಡಿಗೆ ಕಾರು ಮಾಡಿಕೊಂಡು ಮದ್ದೂರಿನ ಮೇಲೆ ಹೋದೆವು. ಭಾರತೀನಗರದ ಹತ್ತಿರ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿದ್ದವು. ಕಾಲೇಜು ಹುಡುಗಿಯೊಬ್ಬಳು ನಡೆಯುತ್ತಲೇ ಹಿಂದಿನಿಂದ ಒಂದು ಜಲ್ಲೆ ಎಳೆದುಕೊಂಡಳು. ಅಮ್ಮ ಅದನ್ನು ನೋಡಿ ನಕ್ಕಳು. ಹಿಂದಿನ ಸೀಟಿನಲ್ಲಿ ಎರಡು ದಿಂಬುಗಳ ನಡುವೆ ಒರಗಿದ್ದಳು. ಮಳವಳ್ಳಿ ಬಂದಾಗ ಎದ್ದು ಕೂತು ತಲೆ ಬಾಚಿಕೊಡು ಎಂದಳು. ಉದುರಿ ಉಳಿದಿದ್ದ ಕೂದಲನ್ನು ನಾನು ಗಂಟು ಹಾಕಿ ಕೊಟ್ಟೆ.

"ಅಲ್ಲಿ ಯಾರ್ಗೂ ಏಳ್ಬ್ಯಾಡ," ಎಂದಳು.

"ಏನು?"

"ನಾನು ಆ ಮನೆಯೋಳು ಅಂತ. ನಾವು ದುಡ್ಡು ಕೊಟ್ಟು ಓಗ್ತಿರೋರು. ಅವ್ರು ಪಾಪ ಬ್ಯಾಸ್ರ ಮಾಡ್ಕೋತಾರೆ, ಇಲ್ದಿದ್ರೆ ದುಡ್ಡು ಬ್ಯಾಡ ಅಂತಾರೆ. ಎರ್ಡೂ ಬ್ಯಾಡ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮನೆಯೊಡತಿ ಜಗುಲಿಯ ಮೇಲೆ ನಿಂತು ಕಾಯುತ್ತಿದ್ದರು. ಐವತ್ತರ ಆಸುಪಾಸಿನ, ಮೆದು ಮಾತಿನ ಹೆಂಗಸು. ಅಮ್ಮನ ಸ್ಥಿತಿ ನೋಡಿದ ಕೂಡಲೇ ತೋಳು ಹಿಡಿದುಕೊಂಡು, "ನಿಧಾನ ಅಮ್ಮಾ, ಹೊಸ್ತಿಲು ಎತ್ತರ ಇದೆ, ಎಲ್ರೂ ಎಡವುತ್ತಾರೆ" ಎಂದರು. ಅಮ್ಮ ಕೆಳಗೆ ನೋಡದೆಯೇ ಕಾಲೆತ್ತಿ ಒಳಗಿಟ್ಟಳು. ಇಷ್ಟು ದಿನ ನಮ್ಮ ಮನೆಯ ಬಚ್ಚಲಿನ ಸಣ್ಣ ಅಂಚನ್ನೂ ದಾಟಲು ಅವಳಿಗೆ ನನ್ನ ಹೆಗಲು ಬೇಕಾಗಿತ್ತು.

ಅವರು ಮನೆಯನ್ನು ಪ್ರೀತಿಯಿಂದ ಇಟ್ಟುಕೊಂಡಿದ್ದರು, ಅದನ್ನು ಹೇಳಲೇಬೇಕು. ಕಂಬಗಳಿಗೆ ಎಣ್ಣೆ ಹಚ್ಚಿದ್ದರು. ತೊಟ್ಟಿಯ ಕಲ್ಲು ಹೊಳೆಯುತ್ತಿತ್ತು. ಕೋಣೆಗಳಿಗೆ ಹಕ್ಕಿಗಳ ಹೆಸರು. ಕಾಳು ತುಂಬುತ್ತಿದ್ದ ಕೋಣೆ ಈಗ ಗೀಜಗ. ನಮಗೆ ಕೊಟ್ಟದ್ದು ಮೂಲೆಯ ಮಿಂಚುಳ್ಳಿ. ನಾನು ಫೋನಿನಲ್ಲಿ ಅದನ್ನೇ ಕೇಳಿ ಪಡೆದಿದ್ದೆ, ಬಾಗಿಲಿನಿಂದ ಬಲಗಡೆಯ ಮೂಲೆ ಎಂದು. ಅದು ಬಾಣಂತಿ ಕೋಣೆ. ಅಮ್ಮ ಹುಟ್ಟಿದ್ದು ಅಲ್ಲಿ. ನಾನು ಹುಟ್ಟಿದ್ದು ಮಂಡ್ಯದ ಆಸ್ಪತ್ರೆಯಲ್ಲಾದರೂ ಕಣ್ಣು ಬಿಟ್ಟು ನೋಡಿದ ಮೊದಲ ಗೋಡೆಗಳು ಅವೇ ಇರಬೇಕು. ಬೆಳಕು ಬೀಳಬಾರದೆಂದು ಗೋಣಿಚೀಲ ಕಟ್ಟುತ್ತಿದ್ದ ಕಿಟಕಿಯನ್ನು ಅಗಲ ಮಾಡಿ ಗಾಜು ಹಾಕಿದ್ದರು. ಗೋಡೆಯ ಗೂಡಿನ ಕೆಳಗೆ ಒಂದು ಸಣ್ಣ ಫಲಕ: 'ಪುರಾತನ ದೀಪದ ಗೂಡು'.

ಮನೆಯೊಡತಿ ಹೊರಗೆ ಹೋದ ಮೇಲೆ ಅಮ್ಮ ಅದನ್ನು ಓದಿಸಿದಳು.

"ದೀಪ ಎಲ್ಲಿ ಮಡಗ್ತಿದ್ರು ಅಲ್ಲಿ? ನಿನ್ ಗ್ರೈಪ್ ವಾಟ್ರು ಸೀಸೆ ಇರ್ತಿತ್ತು."

ಇಬ್ಬರೂ ನಕ್ಕೆವು. ಅವಳು ಮಂಚದ ಮೇಲೆ ಮಲಗಿ ಮೇಲಿನ ಜಂತೆಗಳನ್ನು ನೋಡುತ್ತಿದ್ದಳು. ಅಲ್ಲಿ ಮಲಗಿದ್ದರೆ ತೊಟ್ಟಿಯ ಯಾವ ಮೂಲೆಯಲ್ಲಿ ಪಿಸುಗುಟ್ಟಿದರೂ ಕೇಳುತ್ತದೆ ಎಂದಳು. ತನ್ನ ಮದುವೆಯ ಮಾತುಕತೆಯನ್ನು ಅವಳು ಹಾಗೇ ಕೇಳಿಸಿಕೊಂಡದ್ದಂತೆ. "ಉಡ್ಗ ಕಪ್ಪು ಅಂದ್ರು, ಮಾತು ಕಮ್ಮಿ ಅಂದ್ರು. ಮಾತು ಕಮ್ಮಿ ಇದ್ರೆ ಒಳ್ಳೇದೇಯ ಅನ್ಕೊಂಡೆ. ನೋಡು, ನೀನು ಅಂಗೇ ಉಟ್ಟಿದ್ದೀಯ."

ಸಂಜೆ ಅವಳನ್ನು ಕೈಹಿಡಿದು ಹೊರಗೆ ಕರೆದುಕೊಂಡು ಹೋದೆ. ಮನೆಯ ಹಿಂದೆ ಈಜುಕೊಳ. ನೀಲಿ ಹಂಚು, ಸುತ್ತ ಒರಗು ಕುರ್ಚಿ. ಅಮ್ಮ ಅದರ ಅಂಚಿಗೆ ಬರುವ ಮೊದಲೇ ನಿಂತು ಚಪ್ಪಲಿ ಬಿಟ್ಟಳು. ಯಾಕೆ ಎಂದು ನಾನು ಕೇಳಲಿಲ್ಲ. ಅದು ಕಣವಿದ್ದ ಜಾಗ. ಭತ್ತ ಬಡಿದು ರಾಶಿ ಹಾಕುವ ಕಣದಲ್ಲಿ ನಮ್ಮವರು ಚಪ್ಪಲಿ ಮೆಟ್ಟುವುದಿಲ್ಲ. ಬಟ್ಟೆ ಒಣಹಾಕುತ್ತಿದ್ದ ಅಡಿಗೆಯ ಹೆಂಗಸು, ಹತ್ತಿರದ ಹಳ್ಳಿಯಿಂದ ದಿನಾ ಬಂದು ಹೋಗುವವಳು, ಅಮ್ಮನ ಬರಿಗಾಲನ್ನು ನೋಡಿದಳು.

"ಕಾಲು ಜಾರ್ತದೆ ಕಣವ್ವ, ಮೆಟ್ಕೊಳಿ."

"ಬುಡು, ತಣ್ಗದೆ," ಎಂದಳು ಅಮ್ಮ.

ಊಟ ಹಾಕಿದ್ದು ಕೊಟ್ಟಿಗೆಯಲ್ಲಿ. ಹಸುಗಳಿಗೆ ಮೇವು ಹಾಕುತ್ತಿದ್ದ ಗೊಂತಿನ ಮೇಲೆ ಹಲಗೆ ಹಾಸಿ ಉದ್ದನೆಯ ಮೇಜು ಮಾಡಿದ್ದರು. ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, "ಕೊಟ್ಗೇಲಿ ಕುಂಡ್ರುಸಿ ಅನ್ನ ಇಕ್ತಾವ್ರಲ್ಲ, ನಮ್ಮಪ್ಪ ನೋಡ್ಬೇಕಿತ್ತು" ಎಂದಳು. ಅಂದು ನಮ್ಮ ಜೊತೆ ಇದ್ದ ಅತಿಥಿಗಳು ಬೆಂಗಳೂರಿನ ಹೊಸ ದಂಪತಿ ಮಾತ್ರ. ಜಲಪಾತ ನೋಡಿಕೊಂಡು, ವಿದ್ಯುತ್ ಕೇಂದ್ರವಿರುವ ಬ್ಲಫ್ ಕಡೆ ತಿರುಗಾಡಿ ಬಂದಿದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು. ಆ ಹುಡುಗ ಮುದ್ದೆಯನ್ನು ಬಾಯಲ್ಲಿಟ್ಟು ಅಗಿಯುತ್ತಲೇ ಇದ್ದ.

"ಅಗೀಬಾರ್ದು ಕಣಪ್ಪ, ನುಂಗ್ಬೇಕು," ಎಂದಳು ಬಸ್ಸಾರು ಬಡಿಸುತ್ತಿದ್ದ ಅಡಿಗೆಯ ಹೆಂಗಸು.

"ನುಂಗಿದ್ರೆ ರುಚಿ ಹೇಗೆ ಗೊತ್ತಾಗುತ್ತೆ?"

"ಒಟ್ಟೇಲಿ ಗೊತ್ತಾಯ್ತದೆ."

ಅಮ್ಮ ತನ್ನ ಗಂಜಿಯ ಲೋಟ ಕೆಳಗಿಟ್ಟು, "ಅಲ್ಲು ಇರೋಗಂಟ ಅಗೀಲಿ ಬುಡವ್ವ, ಆಮೇಲೆ ನುಂಗದು ಇದ್ದೇ ಅದೆ" ಎಂದಳು. ಎಲ್ಲರೂ ನಕ್ಕರು. ಆ ಹುಡುಗನ ಹೆಂಡತಿ ಅಮ್ಮನನ್ನು ನೋಡಿ, ಆಂಟಿ ಯಾವ ಊರಿನವರು ಎಂದು ಕೇಳಿದಳು. ಮಂಡ್ಯ ಎಂದಳು ಅಮ್ಮ. ಅದು ಸುಳ್ಳೇನಲ್ಲ.

ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡಿದಳು. ನೋವಿನ ಮಾತ್ರೆ ಕೊಟ್ಟಿದ್ದೆ. ಅದರಿಂದಲೇ ಇರಬಹುದು.

ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟಿನ ವಾಸನೆಗೆ ಅಮ್ಮನೇ ಎದ್ದಳು. ಎರಡು ಚಮಚ ತಿಂದಳು. ಒಳ್ಳೆಯ ಸೀರೆ ಉಡಿಸು ಎಂದಳು. ಅವಳ ಚೀಲದಲ್ಲಿ ಒಂದು ರೇಷ್ಮೆಯಂಚಿನ ಸೀರೆ ಇತ್ತು. ನಾನು ಇಟ್ಟದ್ದಲ್ಲ. ಸೀರೆ ಉಡಿಸುವಾಗ ಸೆರಗನ್ನು ಸ್ವಲ್ಪ ಉದ್ದ ಬಿಡಲು ಹೇಳಿದಳು. ಆಗ ನನಗೆ ಅನುಮಾನ ಬಂತು: ನಾನು ಹೇಳದೆ ಇಟ್ಟುಕೊಂಡದ್ದನ್ನು ಅವಳು ಹೇಗೋ ತಿಳಿದುಕೊಂಡಿದ್ದಾಳೆ. ಇಡೀ ಮನೆಯ ಮಾತು ಕೇಳುವ ಕೋಣೆಯಲ್ಲಿ ಮಲಗಿದ್ದವಳು. ಬೆಳಿಗ್ಗೆ ಎದ್ದ ಕೂಡಲೇ ಮನೆಯೊಡತಿ ಮತ್ತು ಅಡಿಗೆಯ ಹೆಂಗಸು ಮೊರ, ಅಕ್ಕಿ, ರವಿಕೆ ಕಣ ಎಂದು ಮಾತಾಡಿಕೊಂಡಿದ್ದು ಅವಳ ಕಿವಿಗೆ ಬೀಳದೆ ಇರುತ್ತದೆಯೇ.

ನಡುಮನೆಯಲ್ಲಿ ಮಣೆ ಹಾಕಿದ್ದರು. ಮೊದಲು ಆ ಹೊಸ ಹೆಂಡತಿಯನ್ನು ಕೂರಿಸಿದರು. ಅವಳು ಪ್ಯಾಂಟು ತೊಟ್ಟಿದ್ದಳು. ಮನೆಯೊಡತಿಯೇ ಒಂದು ಶಾಲು ತಂದು ಮಡಿಲಿಗೆ ಹರಡಿದರು. ಅರಿಶಿನ ಕುಂಕುಮ ಹಚ್ಚಿ, ಮೊರದಿಂದ ಅಕ್ಕಿ ಸುರಿದು, ಬೆಲ್ಲದ ಅಚ್ಚು, ಕಾಯಿ, ಕಣ ಇಟ್ಟರು. ಗಂಡ ಫೋಟೋ ತೆಗೆದ. ಹುಡುಗಿಯ ಕಣ್ಣು ನಿಜವಾಗಿಯೂ ತುಂಬಿತ್ತು. ಅವಳು ಎಲ್ಲವನ್ನೂ ಶಾಲಿನಲ್ಲಿ ಹಾಗೇ ಗಂಟು ಕಟ್ಟಿಕೊಂಡು ಎದ್ದಳು.

"ಯಾವ್ ಗದ್ದೆ ಅಕ್ಕಿ ಇದು?" ಎಂದು ಕೇಳಿದಳು ಅಮ್ಮ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು.

"ನಮ್ಮದೇ ಅಮ್ಮಾ, ರಾಜಮುಡಿ. ನಾಲೆ ತೂಬಿನ ಪಕ್ಕದ ಗದ್ದೇಲಿ ಬೆಳೆಸ್ತೀವಿ."

ಅಮ್ಮ ತಲೆಯಾಡಿಸಿದಳು. ತೂಬಿನ ಗದ್ದೆ ಎಂದರೆ ಅವಳು ಚಿಕ್ಕವಳಿದ್ದಾಗ ಬುತ್ತಿ ಹೊತ್ತುಕೊಂಡು ಹೋಗುತ್ತಿದ್ದ ಗದ್ದೆ. ಅವಳು ಕಂಬ ಬಿಟ್ಟು ಮಣೆಯ ಕಡೆ ಒಂದು ಹೆಜ್ಜೆ ಇಟ್ಟಳು. ಕೈ ಸೆರಗಿನ ತುದಿಯನ್ನು ಹಿಡಿದಿತ್ತು.

ಮನೆಯೊಡತಿ ಕುಂಕುಮದ ಭರಣಿ ಎತ್ತಿಕೊಂಡರು. ಅಡಿಗೆಯ ಹೆಂಗಸು ಅವರ ಸೀರೆಯನ್ನು ಹಿಂದಿನಿಂದ ಎಳೆದು ಮೆಲ್ಲಗೆ ಹೇಳಿದಳು:

"ಅವ್ರಿಗೆ ತುಂಬಂಗಿಲ್ಲ ಕಣಕ್ಕ. ನೋಡ್ಬಾರ್ದಾ?"

ತುಂಬ ಮೆಲ್ಲಗೆ ಹೇಳಿದ್ದಳು. ಆದರೆ ಆ ತೊಟ್ಟಿಯಲ್ಲಿ ಮೆಲ್ಲಗೆ ಹೇಳಿದ ಮಾತೇ ಹೆಚ್ಚು ಕೇಳುವುದು.

ಮನೆಯೊಡತಿ ಅಮ್ಮನ ಹಣೆ ನೋಡಿದರು. ಭರಣಿ ಕೆಳಗಿಟ್ಟರು. ಅವರ ಮುಖ ಕಂದಿದ್ದನ್ನು ನಾನು ಕಂಡೆ. ಅವರಿಗೆ ನೋಯಿಸುವ ಮನಸ್ಸು ಇರಲೇ ಇಲ್ಲ. ಅಕ್ಕಿಯನ್ನು ಕಾಗದದ ಚೀಲಕ್ಕೆ ಹಾಕಿ, ಎರಡೂ ಕೈಯಲ್ಲಿ ಹಿಡಿದು, "ಅಮ್ಮಾ, ಇದು ನಮ್ಮ ನೆನಪಿಗೆ" ಎಂದು ಚಾಚಿದರು. ಅಂಗಡಿಯಿಂದ ಕೊಂಡ ಸಾಮಾನಿನ ಹಾಗೆ.

ನಾನು ಬಾಯಿ ತೆರೆದೆ. ಒಂದು ವಾಕ್ಯ ಸಾಕಾಗಿತ್ತು. ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಬಲ ಆ ಕೈಯಲ್ಲಿ ಉಳಿದಿದೆ ಎಂದು ನನಗೆ ಗೊತ್ತಿರಲಿಲ್ಲ.

"ನಂಗ್ಯಾಕವ್ವ," ಎಂದಳು ಅವರಿಗೆ. "ನನ್ ಮಗ್ಳಿಗೆ ಆಕಿ."

"ಮದ್ವೆ ಆಗಿಲ್ವಲ್ಲವ್ವ ಅವ್ರಿಗೆ," ಎಂದಳು ಅಡಿಗೆಯ ಹೆಂಗಸು.

"ಎಣ್ಮಗಳಲ್ವಾ? ಎಣ್ಮಕ್ಳ ಮಡ್ಲ ಬರಿದು ಮಾಡಿ ಕಳಿಸ್ಬಾರ್ದು. ಆಕಿ."

ನಾನು ಮಣೆಯ ಮೇಲೆ ಕೂತೆ. ಅಮ್ಮ ಬಗ್ಗಿ ನನ್ನ ದುಪಟ್ಟಾವನ್ನು ಮಡಿಲಿಗೆ ಹರಡಿ ಎರಡು ತುದಿಗಳನ್ನೂ ನನ್ನ ಕೈಗೆ ಕೊಟ್ಟಳು. ಅಕ್ಕಿ ಬಿತ್ತು. ಅದು ಅಷ್ಟು ಭಾರವಿರುತ್ತದೆ ಎಂದು ಎಣಿಸಿರಲಿಲ್ಲ. ಕೆಂಪು ಗೆರೆಗಳ ದಪ್ಪ ಅಕ್ಕಿ, ಇನ್ನೂ ಹೊಸ ಅಕ್ಕಿಯ ವಾಸನೆ. ಬೆಲ್ಲ, ಕಾಯಿ, ಕಣ. ಮನೆಯೊಡತಿ ನನ್ನ ಹಣೆಗೆ ಕುಂಕುಮ ಇಟ್ಟರು. ನಾನು ಏಳಲು ಹೋದೆ.

"ಒಂದ್ ಇಡಿ ಇಂದಕ್ ಆಕು ಮಗ," ಎಂದಳು ಅಮ್ಮ.

ನಾನು ಒಂದು ಹಿಡಿ ಅಕ್ಕಿ ತೆಗೆದು ಮೊರಕ್ಕೆ ಹಾಕಿದೆ.

"ಹೀಗೂ ಮಾಡ್ತಾರಾ?" ಎಂದು ಮನೆಯೊಡತಿ ಅಡಿಗೆಯವಳನ್ನು ಕೇಳಿದರು. "ಇಲ್ಲಿ ತನಕ ಯಾರೂ ಹಾಕಿಲ್ವಲ್ಲ?"

"ಬಂದೋಗೋರು ಆಕಲ್ಲ ಕಣಕ್ಕ. ತವ್ರಾದ್ರೆ ಆಕ್ತಾರೆ." ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಅವಳು ಅಮ್ಮನ ಮುಖ ನೋಡಿದಳು, ಆಮೇಲೆ ಪಾದ ನೋಡಿದಳು. "ಅವ್ವಾ, ನೀವು ಯಾರ್ ಮನೆಯೋರು?"

"ಮಂಡ್ಯದೋರು," ಎಂದಳು ಅಮ್ಮ. "ಬತ್ತೀವಿ ಕಣವ್ವ. ಮನೆ ಚೆನ್ನಾಗಿ ಮಡ್ಗಿದ್ದೀರಿ."

ಎತ್ತರದ ಹೊಸ್ತಿಲನ್ನು ದಾಟುವಾಗ ಅವಳು ಕೆಳಗೆ ನೋಡಲಿಲ್ಲ. ಅಡಿಗೆಯ ಹೆಂಗಸು ಕಾರಿನ ತನಕ ಹಿಂದೆ ಬಂದಳು. ಬಾಗಿಲು ಹಾಕುವ ಮೊದಲು ಅಮ್ಮನ ಕಾಲನ್ನು ಮುಟ್ಟಿ ಹಣೆಗೆ ಒತ್ತಿಕೊಂಡಳು. ಅಮ್ಮ ಅವಳ ತಲೆ ಸವರಿದಳು.

ಮಳವಳ್ಳಿಯ ತನಕ ಅಕ್ಕಿಯ ಗಂಟು ನನ್ನ ತೊಡೆಯ ಮೇಲೇ ಇತ್ತು. ಕೆಳಗಿಡಲು ಮನಸ್ಸಾಗಲಿಲ್ಲ.

"ನಿನಗೆ ಹಾಕಬೇಕಿತ್ತು," ಎಂದೆ ಕೊನೆಗೆ.

"ಅಣ್ಣ ಇದ್ದಿದ್ರೆ ಆಕ್ಸೋನು. ಕುಂಕ್ಮ ಇಲ್ದಿದ್ರೂ ಆಕ್ಸೋನು. ಒರಗ್ನೋರ್ಗೆ ಏನ್ ಗೊತ್ತಾಯ್ತದೆ, ಪಾಪ." ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ, "ತೂಬಿನ್ ಗದ್ದೆ ಅಕ್ಕಿ. ನೋಡು, ಇನ್ನೂ ಅದೆ" ಎಂದಳು.

ಆ ಅಕ್ಕಿಯನ್ನು ಬೇಯಿಸಿ ಗಂಜಿ ಮಾಡಲೇ ಎಂದು ಮನೆಯಲ್ಲಿ ಕೇಳಿದೆ. ಬೇಡ, ಇಟ್ಟಿರು ಎಂದಳು. ಅದನ್ನು ಸ್ಟೀಲಿನ ಡಬ್ಬಿಗೆ ಹಾಕಿ ಅಡಿಗೆಮನೆಯ ಮೇಲಿನ ಹಲಗೆಯಲ್ಲಿಟ್ಟೆ. ಒಂದೆರಡು ಸಲ ಅವಳು ಆ ಡಬ್ಬಿಯನ್ನು ತರಿಸಿಕೊಂಡು ಒಳಗೆ ಕೈಯಿಟ್ಟು, ಸುಮ್ಮನೆ ಬೆರಳಾಡಿಸಿ, ಮುಚ್ಚಿ ಕೊಟ್ಟಳು.

ಮರುತಿಂಗಳು, ಬೆಳಗಿನ ಹೊತ್ತು, ಅಮ್ಮ ತೀರಿಕೊಂಡಳು. ನಾನು ಹಾಲು ಕಾಯಿಸುತ್ತಿದ್ದೆ. ಉಳಿದುದನ್ನು ಬರೆಯಲಾರೆ.

ಅಪ್ಪನ ಕಡೆಯವರು ಬಂದು ಎಲ್ಲವನ್ನೂ ನೋಡಿಕೊಂಡರು. ಅಮ್ಮನನ್ನು ಹೊರಗೆ ಮಲಗಿಸಿದ ಮೇಲೆ ದೊಡ್ಡಮ್ಮ, ಅಪ್ಪನ ಅಣ್ಣನ ಹೆಂಡತಿ, ಸುತ್ತ ನೋಡಿ ಕೇಳಿದರು:

"ತವ್ರಿನೋರು ಯಾರ್ ಬಂದವ್ರೆ?"

ನಮ್ಮಲ್ಲಿ ಸತ್ತ ಹೆಣ್ಣಿಗೆ ಕೊನೆಯ ಸೀರೆ ಬರುವುದು ತವರಿನಿಂದ. ಅತ್ತೆಗೆ ಹಾಸಿಗೆ ಬಿಟ್ಟು ಏಳಲಾಗುತ್ತಿರಲಿಲ್ಲ. ಅವರ ಮಗಳು ಫೋನಿನಲ್ಲಿ ಅತ್ತಿದ್ದಳು. ಕೊನೆಗೆ ಅಮ್ಮ ತವರಿಗೆ ಹೋದಾಗ ಉಟ್ಟಿದ್ದ ರೇಷ್ಮೆಯಂಚಿನ ಸೀರೆಯನ್ನೇ ನಾನು ತಂದು ಕೊಟ್ಟೆ. ದೊಡ್ಡಮ್ಮ ಅದನ್ನು ಹೊದಿಸಿದರು.

"ಬಾಯಿಗೆ ಅಕ್ಕಿ ತತ್ತಾ," ಎಂದರು.

ಹೊರಡಿಸುವ ಮೊದಲು ಬಂಧುಗಳೆಲ್ಲ ಒಬ್ಬೊಬ್ಬರಾಗಿ ಬಾಯಿಗೆ ನಾಲ್ಕು ಕಾಳು ಅಕ್ಕಿ ಹಾಕುತ್ತಾರೆ. ನಾನು ಅಡಿಗೆಮನೆಗೆ ಹೋದೆ. ದಿನಬಳಕೆಯ ಅಕ್ಕಿಯ ಡಬ್ಬಿ ಕೆಳಗೇ ಇತ್ತು. ನಾನು ಮೇಲಿನ ಹಲಗೆಯದನ್ನು ಇಳಿಸಿ ಮೊರಕ್ಕೆ ಸುರಿದುಕೊಂಡು ಬಂದೆ.

ದೊಡ್ಡಮ್ಮ ಮೊರ ನೋಡಿದರು. "ಇದ್ಯಾಕವ್ವ ಕೆಂಪ್ಗದೆ? ಬೆಳ್ಳಕ್ಕಿ ಇಲ್ವಾ ಮನೇಲಿ?"

"ಇದು ಅಮ್ಮನ ತವರಿಂದ ಬಂದದ್ದು ದೊಡ್ಡಮ್ಮ. ಮಡಿಲಕ್ಕಿ."

"ಯಾವಾಗ ತುಂಬುದ್ರು?"

"ಹೋದ ತಿಂಗಳು. ಊರಿಗೆ ಹೋಗಿದ್ವಿ."

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆ ಮನೆ ಮಾರಿಹೋದದ್ದು ಅವರಿಗೂ ಗೊತ್ತಿತ್ತು. ಯಾರು ತುಂಬಿದರು ಎಂದು ಕೇಳಲಿಲ್ಲ. ಮೊರವನ್ನು ನನ್ನ ಕೈಯಿಂದ ತೆಗೆದುಕೊಂಡು, ನಿಂತಿದ್ದವರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ತವ್ರಕ್ಕಿ ಬಂದದೆ. ಬನ್ನಿ, ಎಲ್ರೂ ಇದ್ರಲ್ಲೇ ಆಕಿ."